ಸೂಪರ್ ಗ್ಲೂನಲ್ಲಿ ಸೈನೈಡ್ ಇದೆಯೇ? ಹವಳದ ಅಕ್ವೇರಿಯಂಗೆ ಯಾವ ಅಂಟು ಸರಿ?

ಸೂಪರ್ ಗ್ಲೂನ ರಾಸಾಯನಿಕ ಹೆಸರು ಸಯನೋಆಕ್ರಿಲೇಟ್. ಹೆಸರಲ್ಲಿ ‘ಸಯನೋ’ ಇದ್ದ ಮಾತ್ರಕ್ಕೆ ಅದು ಸೈನೈಡ್ ಅಲ್ಲ. ಗಟ್ಟಿಯಾದ ಮೇಲೆ ಅದೊಂದು ಪ್ಲಾಸ್ಟಿಕ್ ಅಷ್ಟೇ. ಇದೇ ಜಾತಿಯ ಅಂಟಿನಿಂದ ಆಸ್ಪತ್ರೆಗಳಲ್ಲಿ ಗಾಯವನ್ನೂ ಮುಚ್ಚುತ್ತಾರೆ. (ಅದು ವೈದ್ಯಕೀಯ ಬಗೆಯದು, ಅಂಗಡಿಯದನ್ನು ಗಾಯಕ್ಕೆ ಹಚ್ಚಬೇಡಿ!)

ಈ ಅಂಟು ಗಟ್ಟಿಯಾಗುವುದೇ ತೇವ ತಾಗಿದಾಗ. ಹಾಗಾಗಿ ಉಪ್ಪುನೀರಿನ ಅಕ್ವೇರಿಯಂನಲ್ಲಿ ಹವಳದ ಚಿಕ್ಕ ತುಂಡುಗಳನ್ನು ಕೂರಿಸಲು ಹವ್ಯಾಸಿಗಳು ಹೆಚ್ಚಾಗಿ ಬಳಸುವುದು ಇದನ್ನೇ. ಆದರೆ ನೀರಿನಂಥ ತೆಳು ಗ್ಲೂ ಬೇಡ, ಅದು ಹರಿದುಹೋಗುತ್ತದೆ, ಜೆಲ್ ತೆಗೆದುಕೊಳ್ಳಿ. ಬುಡ ಒರೆಸಿ, ಜೆಲ್ ಹಾಕಿ, ನೀರೊಳಗೆ ಕಲ್ಲಿಗೆ ಒತ್ತಿ ಸ್ವಲ್ಪ ತಿರುಗಿಸಿ. ಜೆಲ್ ಮೇಲೆ ಕಟ್ಟಿದ ಪೊರೆ ಒಡೆದು ಒಳಗಿನ ಅಂಟು ಹಿಡಿಯುತ್ತದೆ.

ಭಾರದ ಕಲ್ಲಿಗೆ ಇದಷ್ಟೇ ಸಾಲದು. ಚಪಾತಿ ಹಿಟ್ಟಿನಂತೆ ನಾದುವ ಎಪಾಕ್ಸಿ ಪುಟ್ಟಿ ಬೇಕು, ಅಕ್ವೇರಿಯಂಗೆ ಎಂದು ನಮೂದಿಸಿರುವುದೇ ಆಗಬೇಕು. ಪುಟ್ಟಿ ಸಂದು ತುಂಬುತ್ತದೆ, ಒದ್ದೆ ಕಲ್ಲಿಗೆ ಅಷ್ಟಾಗಿ ಅಂಟುವುದಿಲ್ಲ. ಅದರ ಎರಡೂ ಬದಿಗೆ ಜೆಲ್ ಸವರಿ. ಒಮ್ಮೆಗೇ ಹೆಚ್ಚು ಹಾಕಿದರೆ ಸ್ಕಿಮ್ಮರ್ ನೊರೆ ಉಕ್ಕುತ್ತದೆ.

ನಿಜವಾದ ಅಪಾಯ ಸಿಲಿಕೋನ್‌ನಲ್ಲಿದೆ. ಮಲ್ಲತ್ತಹಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ‘ಸಿಲಿಕೋನ್ ಕೊಡಿ’ ಎಂದರೆ ಬಾತ್‌ರೂಮಿನದು ಕೈಗೆ ಬರಬಹುದು. ಅದಕ್ಕೆ ಬೂಷ್ಟು ಹಿಡಿಯದಂತೆ ರಾಸಾಯನಿಕ ಬೆರೆಸಿರುವುದುಂಟು. ಅದು ತೊಟ್ಟಿಯ ಜೀವಿಗಳಿಗೂ ವಿಷ. ಟ್ಯೂಬ್ ಮೇಲೆ ‘ಆಂಟಿ-ಫಂಗಲ್’ ಎಂದಿದ್ದರೆ ವಾಪಸ್ ಕೊಡಿ. ಸರಿಯಾದ ಸಿಲಿಕೋನ್ ಕೂಡ ಒಣ ಕಲ್ಲಿಗೆ ಮಾತ್ರ ಹಿಡಿಯುತ್ತದೆ.

ಇನ್ನೊಂದು ಮಾತು. ಮುರ್ಡೇಶ್ವರದ ಬಳಿಯ ನೇತ್ರಾಣಿಯಂಥ ಕಡೆಯಿಂದ ಹವಳ ಕಿತ್ತು ತರುವಂತಿಲ್ಲ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಯ ಜೊತೆಗೇ.