ಬೆನ್ನಿಗೂ ಒಂದು ಕಣ್ಣು

ಎಳ್ಳ ಅಮಾವಾಸ್ಯೆಯ ದಿನ ಇಂಡಿ ಸೀಮೆಯಲ್ಲಿ ಮನೆಯೊಳಗೆ ಉಳಿಯುವವರು ಕಡಿಮೆ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಪುಂಡಿಪಲ್ಯೆ ಕಟ್ಟಿಕೊಂಡು ಊರಿಗೆ ಊರೇ ಹೊಲದ ದಾರಿ ಹಿಡಿಯುತ್ತದೆ. ಆ ಸಲ ನಾವು ಹೋದದ್ದು ಅಣ್ಣನ ಮಗನ ಹೊಸ ಕಾರಿನಲ್ಲಿ. ಪೆಟ್ರೋಲ್, ಬ್ಯಾಟರಿ ಎರಡರಿಂದಲೂ ಓಡುವ ಹೈಬ್ರಿಡ್ ಗಾಡಿ. ಅವ್ವ, ಅತ್ತಿಗೆ, ಮಕ್ಕಳು, ಬುಟ್ಟಿ ಎಲ್ಲ ಸೇರಿ ಸೀಟು ಭರ್ತಿ. ಬೆಂಗಳೂರಿನಿಂದ ಅದನ್ನು ಓಡಿಸಿಕೊಂಡು ಬಂದ ಹುಡುಗ, ಕಾರಿನ ಮೈಮೇಲೆ ಒಂದು ಗೀರು ಕಂಡರೂ ಇಳಿದು ಒರೆಸುವಷ್ಟು ಜೋಪಾನದವನು.

ಗಾಜಿನ ಮೇಲೆ ಫಾಸ್ಟ್ಯಾಗ್ ಕಾಣಲಿಲ್ಲ. ಕೇಳಿದೆ. ಡ್ಯಾಶ್‌ಬೋರ್ಡಿನ ಖಾನೆಯಿಂದ ತೆಗೆದು ತೋರಿಸಿದ.

‘ಕಾಜಿಗೆ ಹಚ್ಚಿದ್ರ ಚಂದ ಕಾಣಂಗಿಲ್ಲ ಕಾಕಾ. ಟೋಲ್ ಬಂದಾಗ ಕೈಯಾಗ ಹಿಡೀತೀನಿ. ಉಳಿದ ಸ್ಟಿಕರ್ ಸುದ್ದಾ ಮೂಲ್ಯಾಗ ಅದಾವ, ಕಾಣಂಗಿಲ್ಲ.’

ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ, ಉಂಡು, ಹರಟೆ ಹೊಡೆದು ಹೊರಡುವಷ್ಟರಲ್ಲಿ ಕತ್ತಲಾಗಿತ್ತು. ಅಮಾವಾಸ್ಯೆಯ ಕತ್ತಲು. ಎದುರಿನಿಂದ ಬಂದ ಲಾರಿಯ ದೀಪ ಕಣ್ಣು ಕುಕ್ಕಿ ದಾಟಿ ಹೋಯಿತು. ಮರುಕ್ಷಣವೇ ಹುಡುಗ ಬ್ರೇಕಿನ ಮೇಲೆ ನಿಂತುಬಿಟ್ಟ. ನಮ್ಮ ಮುಂದೆ, ಹತ್ತು ಹೆಜ್ಜೆಯೂ ಇಲ್ಲದಷ್ಟು ಹತ್ತಿರ, ಗೋಡೆಯಂತೆ ಕಬ್ಬು. ಪಂಕ್ಚರ್ ಆಗಿ ರಸ್ತೆಯಲ್ಲೇ ನಿಂತ ಟ್ರೇಲರು ಅದು.

ಮಕ್ಕಳು ಚೀರಿದವು. ಅವ್ವ ದೇವರ ಹೆಸರು ಹಿಡಿದಳು. ಹುಡುಗನ ಕೈ ಸ್ಟೀರಿಂಗಿನ ಮೇಲೆ ನಡುಗುತ್ತಿತ್ತು. ‘ಕಾಣಲೇ ಇಲ್ಲ ಕಾಕಾ, ಕಾಣಲೇ ಇಲ್ಲ’ ಎಂದ.

ಇಳಿದು ನೋಡಿದೆವು. ಬೆಳಕು ಬಿದ್ದರೆ ಹೊಳೆಯುವ ಕೆಂಪು ಪಟ್ಟಿ ಇತ್ತು. ಹಿಂಬಾಗಿಲ ಎರಡೂ ತುದಿಗೆ ಅಚ್ಚುಕಟ್ಟಾಗಿಯೇ ಅಂಟಿಸಿದ್ದರು. ಅದರ ಮೇಲೆ ಮಾರುದ್ದ ಕಬ್ಬು ಚಾಚಿತ್ತು, ರವದಿ ಜೋತುಬಿದ್ದಿತ್ತು. ಉಳಿದ ಜಾಗವನ್ನು ಎರಿಮಣ್ಣು ಮೆತ್ತಿ ಮುಚ್ಚಿತ್ತು. ನಟ್ಟನಡುವೆ ಮಾತ್ರ ದೊಡ್ಡ ಅಕ್ಷರದಲ್ಲಿ ‘ತಂದೆ ತಾಯಿ ಆಶೀರ್ವಾದ’ ಎಂದು ಬಣ್ಣದಲ್ಲಿ ಬರೆಸಿದ್ದು, ಮೊಬೈಲ್ ಬೆಳಕಿಗೆ ಓದುವಂತಿತ್ತು.

ಡ್ರೈವರ್ ನಡುವಯಸ್ಸಿನವರು. ಬೈಗುಳಕ್ಕೆ ಸಿದ್ಧರಾಗಿ ನಿಂತಿದ್ದರು. ‘ರೇಡಿಯಂ ಹಚ್ಚೀವ್ರೀ ಯಜಮಾನ್ರ. ಹಂಗಾಮ ಚಾಲೂ ಆದಾಗ ಪೊಲೀಸ್ರೇ ನಿಲ್ಲಿಸಿ ಹಚ್ಯಾರ. ಕಬ್ಬು ಹೇರಿದ ಮ್ಯಾಲ ಅದು ಒಳಗ ಹೋಗಿಬಿಡತೈತಿ. ನಾವ್ ಏನ್ ಮಾಡೂನ್ರಿ?’

ಅವರು ಸುಳ್ಳು ಹೇಳಲಿಲ್ಲ. ನಿಯಮ ಪಾಲನೆಯಾಗಿತ್ತು. ಪಟ್ಟಿ ಮಾತ್ರ ಯಾರಿಗೂ ಕಾಣುತ್ತಿರಲಿಲ್ಲ.

ಜೋಳದ ನಾಡಿಗೆ ಕಬ್ಬು ಬಂದಾಗ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಈ ನಾಲ್ಕೂ ಹಿಂದೆ ಬಿಳಿಜೋಳದ ಸೀಮೆಗಳು. ಮಳೆ ನಂಬಿದ ಎರಿಭೂಮಿ. ಉತ್ತರಕ್ಕೆ ಭೀಮೆ ಇಂಡಿ, ಸಿಂದಗಿಯ ಅಂಚು ಸವರಿ ಹರಿಯುತ್ತಾಳೆ. ದಕ್ಷಿಣಕ್ಕೆ ಕೃಷ್ಣೆ, ಆಲಮಟ್ಟಿಯಲ್ಲಿ ಅವಳಿಗೆ ಕಟ್ಟಿದ ಅಣೆಕಟ್ಟು 519.60 ಮೀಟರ್ ಮಟ್ಟದವರೆಗೆ ನೀರು ಹಿಡಿಯುತ್ತದೆ. ಅದರ ಕೆಳಗೆ ನಾರಾಯಣಪುರ. ಕಾಲುವೆ, ಏತ ನೀರಾವರಿ, ಬೋರು ಎಲ್ಲ ಸೇರಿ ಹೊಲಕ್ಕೆ ನೀರು ಬಂತು, ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆಗಳು ಬಂದವು. ಇಂಡಿ ತಾಲ್ಲೂಕಿನ ಮರಗೂರಿನಲ್ಲಿ ಭೀಮಾಶಂಕರ ಸಹಕಾರಿ ಕಾರ್ಖಾನೆ ನಿಂತದ್ದು ಈ ಬದಲಾವಣೆಯ ಒಂದು ಗುರುತು.

ರಸ್ತೆ ಮಾತ್ರ ಎಷ್ಟೋ ಕಡೆ ಚಕ್ಕಡಿಯ ಕಾಲದ ಅಗಲದಲ್ಲೇ ಉಳಿಯಿತು. ಹಂಗಾಮಿನ ತಿಂಗಳುಗಳಲ್ಲಿ ಒಂದೇ ಟ್ರ್ಯಾಕ್ಟರಿಗೆ ಎರಡು ಟ್ರೇಲರು ಬಿಗಿದು, ಮಹಡಿಯೆತ್ತರ ಕಬ್ಬು ಹೇರಿ, ಹಗಲಿಗಿಂತ ಹೆಚ್ಚು ರಾತ್ರಿಯೇ ಸಾಗಿಸುತ್ತಾರೆ. ಕಬ್ಬು ಕಡಿಯುವವರ ಗ್ಯಾಂಗು ಬೆಳಗಿನಿಂದ ಕಡಿದು ಸಂಜೆ ಹೇರುತ್ತದೆ. ಕಡಿದ ಕಬ್ಬು ಒಣಗಿದಷ್ಟೂ ತೂಕ ಕಡಿಮೆ. ಹಾಗಾಗಿ ಹೇರಿದ ಗಾಡಿ ಬೆಳಗಾಗಲೆಂದು ಕಾಯುವುದಿಲ್ಲ. ಸಿಂದಗಿಯ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕಲಬುರಗಿಯ ಬಸ್ಸು, ಹೈದರಾಬಾದಿನ ಕಾರು, ಕಾರ್ಖಾನೆಯ ದಾರಿ ಹಿಡಿದ ಟ್ರೇಲರು ಒಂದೇ ಡಾಂಬರನ್ನು ಹಂಚಿಕೊಳ್ಳುತ್ತವೆ. ಒಂದರ ವೇಗ ಗಂಟೆಗೆ 80 ಕಿಲೋಮೀಟರ್, ಇನ್ನೊಂದರದು 15.

ಕಬ್ಬಿನ ಹಂಗಾಮು ಮುಗಿದರೂ ಈ ಮಾತು ಮುಗಿಯುವುದಿಲ್ಲ. ಸುಗ್ಗಿಯ ನಂತರ ಜೋಳದ ಕಣಿಕೆ, ತೊಗರಿ ಕಟ್ಟಿಗೆ, ಹೊಟ್ಟು ಹೇರಿದ ಗಾಡಿಗಳು ಇದೇ ದಾರಿಗೆ ಇಳಿಯುತ್ತವೆ. ಕಣಿಕೆ ಹೇರಿದ ಗಾಡಿಯ ಹಿಂದು, ಮುಂದು, ಮಗ್ಗುಲು ಯಾವುದೂ ಕಾಣುವುದಿಲ್ಲ.

ರೇಡಿಯಂ ಅಲ್ಲದ ರೇಡಿಯಂ

ಗಾಡಿಗೆ ಹಚ್ಚುವ ಈ ಹೊಳೆಯುವ ಪಟ್ಟಿಗೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಒಂದೇ ಹೆಸರು, ರೇಡಿಯಂ. ನಂಬರ್ ಪ್ಲೇಟ್ ಬರೆಯುವ, ಗಾಡಿಗೆ ದೇವರ ಹೆಸರು ಕತ್ತರಿಸಿ ಅಂಟಿಸುವ ಅಂಗಡಿಯೂ ರೇಡಿಯಂ ಅಂಗಡಿಯೇ. ಹೆಸರಿನೊಳಗೆ ಒಂದು ತಪ್ಪು ತಿಳಿವಳಿಕೆ ಅಡಗಿದೆ. ಮೇರಿ ಮತ್ತು ಪಿಯರಿ ಕ್ಯೂರಿ 1898ರಲ್ಲಿ ಕಂಡುಹಿಡಿದ ರೇಡಿಯಂ ಎಂಬ ಧಾತುವನ್ನು ಬೆರೆಸಿದ ಬಣ್ಣ, ಹಳೆಯ ಗಡಿಯಾರದ ಮುಳ್ಳುಗಳ ಮೇಲೆ ಕತ್ತಲಲ್ಲಿ ತಾನಾಗಿಯೇ ಹೊಳೆಯುತ್ತಿತ್ತು. ಇಂದಿನ ಪಟ್ಟಿಯಲ್ಲಿ ರೇಡಿಯಂ ಇಲ್ಲ. ಅದು ತಾನಾಗಿ ಹೊಳೆಯುವುದೂ ಇಲ್ಲ. ಅದರೊಳಗಿರುವುದು ಅತಿ ಸಣ್ಣ ಗಾಜಿನ ಮಣಿಗಳು ಅಥವಾ ಪಟ್ಟಕಗಳು. ಬಂದ ಬೆಳಕನ್ನು ಅವು ಬಂದ ದಾರಿಯಲ್ಲೇ ತಿರುಗಿಸಿ ಕಳಿಸುತ್ತವೆ. ಹಿಂದಿನ ಗಾಡಿಯ ದೀಪದಿಂದ ಹೊರಟ ಬೆಳಕು ಆ ಗಾಡಿ ಓಡಿಸುವವನ ಕಣ್ಣಿಗೇ ಮರಳುತ್ತದೆ.

ಎತ್ತು ಸಾಕಿದವರಿಗೆ ಇದು ಹೊಸದಲ್ಲ. ರಾತ್ರಿ ಬ್ಯಾಟರಿ ಬಿಟ್ಟರೆ ಕೊಟ್ಟಿಗೆಯಲ್ಲಿ ಎತ್ತಿನ ಕಣ್ಣು ಮಿಂಚುತ್ತದೆ. ಕಣ್ಣಿನ ಹಿಂಬದಿಯ ಹೊಳಪಿನ ಪದರವೊಂದು ಬೆಳಕನ್ನು ಹೊರಗೆ ತಿರುಗಿಸುತ್ತದೆ. ಇಂಗ್ಲೆಂಡಿನ ಪರ್ಸಿ ಶಾ 1934ರಲ್ಲಿ ಪೇಟೆಂಟ್ ಪಡೆದ ರಸ್ತೆಯ ನಡುವಿನ ಗಾಜುಗುಂಡಿಗೆ ‘ಬೆಕ್ಕಿನ ಕಣ್ಣು’ ಎಂಬ ಹೆಸರು ಬಂದದ್ದೂ ಈ ಗುಣದಿಂದಲೇ. ಎದುರು ಬರುವ ಎತ್ತು ಕಣ್ಣಿನಿಂದ ಕಾಣುತ್ತದೆ. ನಮ್ಮ ಮುಂದೆ ಅದೇ ದಿಕ್ಕಿಗೆ ಹೋಗುವ ಎತ್ತು ಕಾಣುವುದಿಲ್ಲ, ಬೆನ್ನಿಗೆ ಕಣ್ಣಿಲ್ಲ. ಆ ಕೆಂಪು ಪಟ್ಟಿ ಗಾಡಿಯ ಬೆನ್ನಿಗೆ ನಾವೇ ಕೊಡುವ ಕಣ್ಣು.

ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗದ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಕಣ್ಣಿಗೆ ಬಿದ್ದದ್ದು ಏನೆಂದು ತಿಳಿದು ಬ್ರೇಕು ಒತ್ತಲು ಒಂದೂವರೆ ಸೆಕೆಂಡು ಬೇಕಾದರೆ ಅಲ್ಲಿಗೇ 25 ಮೀಟರ್ ಕಳೆಯಿತು. ಬ್ರೇಕು ಹಿಡಿದು ನಿಲ್ಲಲು ಒಣ ರಸ್ತೆಯಲ್ಲೂ ಹೆಚ್ಚುಕಡಿಮೆ ಇನ್ನೂ ಅಷ್ಟೇ ದೂರ ಬೇಕು. ಒಟ್ಟು 50 ಮೀಟರ್. ಮಬ್ಬು ದೀಪಕ್ಕೆ ಮಣ್ಣುಬಣ್ಣದ ಟ್ರೇಲರು 40 ಮೀಟರಿಗೆ ಕಂಡರೆ, ಸವಾರ ಎಷ್ಟೇ ಹುಷಾರಿದ್ದರೂ ಸಾಲದು. ಅದೇ ಪಟ್ಟಿ 150 ಮೀಟರಿನಿಂದ ಮಿಂಚಿದರೆ ಅವನ ಕೈಯಲ್ಲಿ ಒಂಬತ್ತು ಸೆಕೆಂಡು ಇರುತ್ತದೆ. ಅಷ್ಟರಲ್ಲಿ ವೇಗ ಇಳಿಸಬಹುದು, ಬದಿಗೆ ಸರಿಯಬಹುದು, ಮನೆ ಮುಟ್ಟಬಹುದು.

ಬೇಕಾದ ಹೆಸರು, ಬೇಡವಾದ ಪಟ್ಟಿ

ಗಾಡಿಗೆ ಸ್ಟಿಕರ್ ಅಂಟಿಸುವುದು ನಮಗೆ ಇಷ್ಟವಿಲ್ಲ ಎನ್ನುವಂತಿಲ್ಲ. ಬಸವನಬಾಗೇವಾಡಿ ಬಸವಣ್ಣನವರು ಹುಟ್ಟಿದ ಊರು. ಆ ಕಡೆಯ ಎಷ್ಟು ಟ್ರ್ಯಾಕ್ಟರುಗಳ ಮೇಲೆ ಅವರ ಚಿತ್ರವಿದೆ! ಸಂಗೊಳ್ಳಿ ರಾಯಣ್ಣ, ಅಂಬೇಡ್ಕರ್, ಮನೆದೇವರು, ಮಕ್ಕಳ ಹೆಸರು ಎಲ್ಲವೂ ಉಂಟು. ಎತ್ತಿಗೆ ಕೋಡೆಣಸು, ಗೆಜ್ಜೆಸರ ಕಟ್ಟಿ ಮೆರೆಸಿದ ಜನ ಟ್ರ್ಯಾಕ್ಟರನ್ನು ಸಿಂಗರಿಸುವುದು ಸಹಜ. ನಾವು ಇಷ್ಟಪಟ್ಟದ್ದಕ್ಕೆ ನಡುವಿನ ಜಾಗ ಸಿಗುತ್ತದೆ. ಸರ್ಕಾರ ಹೇಳಿದ್ದಕ್ಕೆ ಮೂಲೆ ಸಿಗುತ್ತದೆ.

ಇದು ನಮ್ಮ ಸೀಮೆಯ ಸ್ವಭಾವ ಮಾತ್ರವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಹೋಸೆ, ಸನ್ನಿವೇಲ್, ಫ್ರೀಮಾಂಟ್ ಊರುಗಳಲ್ಲಿ ಕನ್ನಡದ ಕುಟುಂಬಗಳು ಬಹಳ. ಅಲ್ಲಿ ಒಂದಕ್ಕಿಂತ ಹೆಚ್ಚು ಜನ ಕೂತ ಕಾರುಗಳಿಗೆಂದೇ ಹೆದ್ದಾರಿಯಲ್ಲಿ ಬೇರೆ ಸಾಲುಂಟು, ಅದೇ ಕಾರ್‌ಪೂಲ್ ಲೇನ್. 2005ರಲ್ಲಿ ಆ ರಾಜ್ಯ ಪ್ರಿಯಸ್‌ನಂಥ ಕಡಿಮೆ ಇಂಧನದ ಹೈಬ್ರಿಡ್ ಕಾರುಗಳಿಗೆ ಹಳದಿ ಸ್ಟಿಕರ್ ಕೊಟ್ಟು, ಒಬ್ಬರೇ ಕೂತಿದ್ದರೂ ಆ ಸಾಲಿನಲ್ಲಿ ಹೋಗಲು ಬಿಟ್ಟಿತು. ಹಳದಿ ಸ್ಟಿಕರಿನ ಮಿತಿ 85,000 ಕಾರು. ಹಿಂದಿನ ಬಂಪರಿಗೂ ಎರಡೂ ಮಗ್ಗುಲಿಗೂ ಅಂಟಿಸಬೇಕಿತ್ತು. ಸ್ಟಿಕರ್ ಇದ್ದ ಹಳೆಯ ಕಾರಿಗೆ ಬೆಲೆ ಏರಿತು. ಹಾಗಿದ್ದೂ ಮಾಲೀಕರ ಚಿಂತೆ ಬಣ್ಣದ್ದು. ಹೊಸ ಕಾರಿನ ಮೈಗೆ ಅಷ್ಟು ದೊಡ್ಡ ಹಳದಿ ಚೀಟಿ ಹೇಗೆ ಮೆತ್ತುವುದು, ಎಲ್ಲಿ ಅಂಟಿಸಿದರೆ ಎದ್ದು ಕಾಣುವುದಿಲ್ಲ ಎಂದು ತಲೆ ಕೆಡಿಸಿಕೊಂಡವರು ಹಲವರು. ಹಳದಿ ಸ್ಟಿಕರಿನ ಅವಧಿ 2011ರ ಜುಲೈ 1ಕ್ಕೆ ಮುಗಿಯಿತು. ಬೇರೆ ಬಣ್ಣಗಳಲ್ಲಿ ಮುಂದುವರಿದ ಯೋಜನೆಯೂ 2025ರ ಸೆಪ್ಟೆಂಬರ್ 30ಕ್ಕೆ ನಿಂತಿತು.

ಅಲ್ಲಿಯ ಸ್ಟಿಕರ್ ಅಡಗಿದ್ದರೆ ಮಾಲೀಕನಿಗೆ ದಂಡ ಬೀಳಬಹುದಿತ್ತು. ಇಲ್ಲಿಯ ಪಟ್ಟಿ ಅಡಗಿದರೆ ಹಿಂದೆ ಬರುವವನ ಪ್ರಾಣಕ್ಕೆ ಬರುತ್ತದೆ.

ಗಾಡಿಯ ಮೇಲಿನ ಗುರುತುಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ಯಂತ್ರಕ್ಕೆ ಓದಲು, ಕೆಲವು ಅಧಿಕಾರಿಗೆ ನೋಡಲು. ಫಾಸ್ಟ್ಯಾಗ್ ಮುಂಗಾಜಿನ ಒಳಬದಿಗೆ ಇರಬೇಕಾದ್ದು ಟೋಲಿನ ಯಂತ್ರಕ್ಕೆ. ಅದನ್ನು ಅಂಟಿಸದೆ ಕೈಯಲ್ಲಿ ಹಿಡಿಯುವವರ ಟ್ಯಾಗನ್ನು ಕಪ್ಪುಪಟ್ಟಿಗೆ ಸೇರಿಸುವುದಾಗಿ ಹೆದ್ದಾರಿ ಪ್ರಾಧಿಕಾರ 2025ರ ಜುಲೈಯಲ್ಲಿ ಹೇಳಿದೆ. 2019ರ ಏಪ್ರಿಲ್ 1ರಿಂದ ಹೊಸ ಕಾರುಗಳಿಗೆ ಅತಿಸುರಕ್ಷಿತ ನಂಬರ್ ಪ್ಲೇಟಿನ ಜೊತೆ ಬರುವ ಬಣ್ಣದ ಹೊಲೊಗ್ರಾಂ ಚೀಟಿ, ಮುಂಗಾಜಿನ ಎಡ ಮೇಲ್ಮೂಲೆಯಲ್ಲಿರುತ್ತದೆ. ಡೀಸೆಲ್‌ಗೆ ಕಿತ್ತಳೆ, ಪೆಟ್ರೋಲ್ ಮತ್ತು ಸಿಎನ್‌ಜಿಗೆ ತಿಳಿನೀಲಿ. ಇವಕ್ಕೆ ನಿಯಮವೇ ಮೂಲೆ ತೋರಿಸಿದೆ, ಕಾರಿನ ಅಂದ ಕೆಡುವ ಮಾತೇ ಇಲ್ಲ.

ಪ್ರತಿಫಲಕ ಪಟ್ಟಿ ಮಾತ್ರ ಮನುಷ್ಯನ ಕಣ್ಣಿಗಾಗಿ ಇರುವುದು. ಮುಂದೆ ಬಿಳಿ, ಮಗ್ಗುಲಿಗೆ ಹಳದಿ, ಹಿಂದೆ ಕೆಂಪು ಎಂಬ ಬಣ್ಣದ ಕ್ರಮಕ್ಕೂ ಅರ್ಥವಿದೆ. ಗಾಡಿ ಎದುರು ಬರುತ್ತಿದೆಯೋ, ಅಡ್ಡ ನಿಂತಿದೆಯೋ, ಬೆನ್ನು ತೋರಿಸಿದೆಯೋ ಎಂದು ಕತ್ತಲಲ್ಲಿ ಬಣ್ಣವೇ ಹೇಳುತ್ತದೆ. ಅದನ್ನು ಓದಬೇಕಾದವನು ನಮಗೆ ಗುರುತಿಲ್ಲದವನು. ಮುದ್ದೇಬಿಹಾಳದ ಸಂತೆ ಮುಗಿಸಿ ಬೈಕಿನಲ್ಲಿ ಮನೆಗೆ ಹೊರಟವನು, ಸೊಲ್ಲಾಪುರದ ಆಸ್ಪತ್ರೆಯಿಂದ ಹೆಂಡತಿಯನ್ನು ಕರೆತರುವವನು.

ಹೇಗೆ, ಎಲ್ಲಿ

ಖರ್ಚು ದೊಡ್ಡದಲ್ಲ, ಕೆಲಸವೂ ಅರ್ಧ ತಾಸಿನದು. ತಗಡಿನ ತುಕ್ಕನ್ನು ಪಾಲಿಶ್ ಕಾಗದದಿಂದ ಉಜ್ಜಿ, ಎಣ್ಣೆ ಜಿಡ್ಡು ಒರೆಸಿ, ಪೂರ್ತಿ ಒಣಗಿಸಬೇಕು. ಧೂಳಿನ ಮೇಲೆ ಅಂಟಿಸಿದ್ದು ವಾರದಲ್ಲಿ ಕಿತ್ತುಬರುತ್ತದೆ. ಹಿಂಬಾಗಿಲ ಎರಡೂ ಕೊನೆಯ ಅಂಚಿಗೆ ಪಟ್ಟಿ ಇರಬೇಕು. ನಡುವೆ ಮಾತ್ರ ಇದ್ದರೆ ಹಿಂದಿನವನು ಅದನ್ನು ಬೈಕಿನ ದೀಪವೆಂದು ತಿಳಿದು ಬದಿಯಿಂದ ಹಾಯಲು ನೋಡುತ್ತಾನೆ. ಎರಡು ಟ್ರೇಲರು ಇದ್ದರೆ ಎರಡಕ್ಕೂ ಬೇಕು, ದಾರಿಯಲ್ಲಿ ಒಂದನ್ನು ಬಿಟ್ಟು ಹೋಗುವುದುಂಟು.

ಹೇರಿದ ಮೇಲೆ ಮುಚ್ಚಿಹೋಗುತ್ತದೆ ಎಂಬ ಡ್ರೈವರರ ಮಾತಿಗೆ ಉತ್ತರ ಗಾಡಿಯ ಮೈಮೇಲಿಲ್ಲ, ಹೊರೆಯ ಮೇಲಿದೆ. ಗೋಣಿಚೀಲದ ತುಂಡಿಗೋ ಹಲಗೆಗೋ ಕೆಂಪು ಪಟ್ಟಿ ಕೂಡಿಸಿ, ಹೇರಿ ಹಗ್ಗ ಬಿಗಿದ ಮೇಲೆ ಚಾಚಿದ ಕಬ್ಬಿನ ಕೊನೆಗೆ ಎರಡೂ ಬದಿ ಕಟ್ಟಬೇಕು. ಕಾರ್ಖಾನೆಯಲ್ಲಿ ಇಳಿಸುವ ಮುನ್ನ ಬಿಚ್ಚಿಟ್ಟುಕೊಂಡರೆ ಹಂಗಾಮು ಪೂರ್ತಿ ಬರುತ್ತದೆ. ಹೊರಡುವ ಮುಂಚೆ ಒಂದು ಒದ್ದೆ ಬಟ್ಟೆ ಆಡಿಸಿದರೆ ಸಾಕು. ಎರಿಮಣ್ಣು ಒಣಗಿ ಮೆತ್ತಿದ ಪಟ್ಟಿ ತಗಡಿಗೆ ಸಮ.

ಗಾಡಿ ಕೆಟ್ಟು ನಿಂತಾಗ ಹಿಂದೆ ಕಲ್ಲಿಡುವ ರೂಢಿಯನ್ನು ಬಿಡಬೇಕು. ಕತ್ತಲಲ್ಲಿ ಕಲ್ಲೂ ಕಾಣುವುದಿಲ್ಲ. ಗಾಡಿ ಹೋದ ಮೇಲೆ ಕಲ್ಲು ಮಾತ್ರ ರಸ್ತೆಯಲ್ಲಿ ಉಳಿದು ಬೈಕಿನವನನ್ನು ಕೆಡವುತ್ತದೆ.

ಆ ರಾತ್ರಿ ಹುಡುಗ ಡಿಕ್ಕಿ ತೆಗೆದು, ಕಾರಿನ ಜೊತೆ ಬಂದಿದ್ದ ಕೆಂಪು ತ್ರಿಕೋನವನ್ನು ಹುಡುಕಿದ. ಅದರ ಪ್ಲಾಸ್ಟಿಕ್ ಕವರು ಇನ್ನೂ ಹರಿದಿರಲಿಲ್ಲ. ಟ್ರೇಲರಿನಿಂದ ಐವತ್ತು ಹೆಜ್ಜೆ ಹಿಂದೆ ನಿಲ್ಲಿಸಿ ಬಂದು, ‘ಇದು ನಿಮ್ಮ ಹತ್ರನ ಇರಲಿ ಅಣ್ಣಾರ’ ಎಂದು ಡ್ರೈವರರಿಗೆ ಹೇಳಿದ.

ಮರುದಿನ ಬೆಳಿಗ್ಗೆ ನಾನು ಎದ್ದಾಗ ಅವನು ಕಾರಿನ ಗಾಜು ಒರೆಸಿ, ಕನ್ನಡಿಯ ಹಿಂದೆ ಫಾಸ್ಟ್ಯಾಗ್ ಅಂಟಿಸುತ್ತಿದ್ದ. ಆಮೇಲೆ ಇಂಡಿಯ ಪೇಟೆಗೆ ಹೋಗಿ ಎರಡಿಂಚು ಅಗಲದ ಕೆಂಪು ಪಟ್ಟಿ ತಂದ. ಕೊಟ್ಟಿಗೆಯ ಪಕ್ಕ ನಿಂತಿದ್ದ ನಮ್ಮ ಟ್ರೇಲರಿಗೆ ಇಷ್ಟು ವರ್ಷ ನಾನೇ ಒಂದು ಪಟ್ಟಿ ಹಚ್ಚಿರಲಿಲ್ಲ. ಹಿಂಬಾಗಿಲಲ್ಲಿ ಅಪ್ಪನ ಹೆಸರಿತ್ತು, ಅದು ಸಾಕೆಂದುಕೊಂಡಿದ್ದೆ. ಇಬ್ಬರೂ ಕೂಡಿ ತುಕ್ಕು ಉಜ್ಜಿದೆವು. ಹೆಸರು ನಡುವೆ ಹಾಗೇ ಇತ್ತು, ಎರಡೂ ಅಂಚಿಗೆ ಕೆಂಪು ಬಂತು.

ಕತ್ತಲಾದ ಮೇಲೆ ಹುಡುಗ ಕಾರನ್ನು ಊರಾಚೆಯ ತಿರುವಿನವರೆಗೆ ಒಯ್ದು ಇತ್ತ ತಿರುಗಿಸಿದ. ನಾನು ಪಕ್ಕದಲ್ಲಿ ಕೂತಿದ್ದೆ. ದೀಪ ಹಾಕಿದಾಗ ದೂರದಲ್ಲಿ ಎರಡು ಕೆಂಪು ಗೆರೆ ಮೂಡಿದವು. ನಮ್ಮ ಟ್ರೇಲರು ಇಷ್ಟು ಅಗಲ ಎಂದು, ಹಿಂದೆ ಬರುವವನ ಕಣ್ಣಿನಿಂದ ನಾನು ನೋಡಿದ್ದು ಅಂದೇ ಮೊದಲು.