ನುಂಗದ ಮಾತ್ರೆಯ ಲೆಕ್ಕ

ಪರೀಕ್ಷೆಯ ಹಿಂದಿನ ದಿನಗಳಲ್ಲಿ ಮಾತ್ರೆ ತಪ್ಪಿಸದೆ, ರಾತ್ರಿ ಊಟ ಹಗುರ ಮಾಡಿದರೆ ಬರಿಹೊಟ್ಟೆಯ ಶುಗರ್ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯ ಮುಂದೆ ಈ ಆಟ ನಡೆಯುವುದಿಲ್ಲ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅಷ್ಟೂ ದಿನ ಅದರೊಳಗಿನ ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟುತ್ತಲೇ ಇರುವುದರಿಂದ ಎರಡು ಮೂರು ತಿಂಗಳ ಚರಿತ್ರೆ ಬಯಲಾಗುತ್ತದೆ.

ಆದರೆ ಸಕ್ಕರೆ ಏರಿದ್ದು ಮಾತ್ರೆ ಸಾಲದೆಯೋ, ನುಂಗದೆಯೋ ಎಂಬುದನ್ನು ಆ ಅಂಕಿ ಹೇಳದು. ಹೊರಗೆ ಸಾಲುಗಟ್ಟಿದ ರೋಗಿಗಳ ನಡುವೆ ವೈದ್ಯರು ಮೊದಲನೆಯದನ್ನೇ ನಂಬಿ ಚೀಟಿಗೆ ಇನ್ನೊಂದು ಮಾತ್ರೆ ಸೇರಿಸುತ್ತಾರೆ. ಹಾಗೆ ನಂಬಲು ಆಧಾರವೂ ಇದೆ. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾದ ಯುಕೆಪಿಡಿಎಸ್ ಎಂಬ ಮಧುಮೇಹ ಅಧ್ಯಯನದಲ್ಲಿ, ಒಂದೇ ಔಷಧದಿಂದ ಹತೋಟಿ ಉಳಿಸಿಕೊಂಡವರು ಮೂರು ವರ್ಷಕ್ಕೆ ಅರ್ಧದಷ್ಟು, ಒಂಬತ್ತು ವರ್ಷಕ್ಕೆ ಕಾಲುಭಾಗವಷ್ಟೇ. ಜೊತೆಗೆ ಬಿಪಿ, ಕೊಲೆಸ್ಟರಾಲ್, ಹೃದಯದ ಮಾತ್ರೆಗಳೂ ಸೇರಿದರೆ ಎಣಿಕೆ ಐದು ದಾಟುವುದು ಸುಲಭ. ಹೆಚ್ಚಿದಷ್ಟೂ ತಪ್ಪುವುದೂ ಹೆಚ್ಚು. ತಪ್ಪಿದ್ದಕ್ಕೆ ಮತ್ತೆ ಹೊಸ ಮಾತ್ರೆ!

ದೀರ್ಘಕಾಲದ ಕಾಯಿಲೆಗಳಲ್ಲಿ ಔಷಧವನ್ನು ಹೇಳಿದಂತೆ ತೆಗೆದುಕೊಳ್ಳುವವರು ಶ್ರೀಮಂತ ದೇಶಗಳಲ್ಲೂ ಸುಮಾರು ಅರ್ಧದಷ್ಟು ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು. ಇದನ್ನು ಉದಾಸೀನ ಎಂದು ಬೈದುಬಿಡುವುದು ನನಗೆ ಒಪ್ಪಿಗೆಯಿಲ್ಲ. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಕೆಲವರ ಹೊಟ್ಟೆ ಕೆಡಿಸುತ್ತದೆ, ಪ್ರಯಾಣದ ದಿನ ಅದನ್ನು ಬಿಡುತ್ತಾರೆ. ಕೊಲೆಸ್ಟರಾಲ್‌ನ ಸ್ಟಾಟಿನ್ ನುಂಗಿದರೂ ಬಿಟ್ಟರೂ ಮೈಗೆ ಏನೂ ಗೊತ್ತಾಗದು, ಹಾಗಾಗಿ ದುಡ್ಡಿಗೆ ಮುಗ್ಗಟ್ಟಾದಾಗ ಅದೇ ಮೊದಲು ಹೋಗುತ್ತದೆ. ಗ್ಲಿಮಿಪಿರೈಡ್ ನುಂಗಿ ತಿಂಡಿ ತಡವಾದಾಗ ಒಮ್ಮೆ ಕೈ ನಡುಗಿ ಬೆವರಿದವರು ಆಮೇಲೆ ಆ ಮಾತ್ರೆಯನ್ನು ಕಂಡರೇ ಹೆದರುತ್ತಾರೆ. ಊಟವಿರಲಿ ಬಿಡಲಿ ಅದು ಇನ್ಸುಲಿನ್ ಸುರಿಸುವ ಔಷಧವಾದ್ದರಿಂದ ಆ ಹೆದರಿಕೆ ಸುಳ್ಳಲ್ಲ. ಏಕಾದಶಿಗೋ ರಂಜಾನ್‌ಗೋ ಮೊದಲೇ ವೈದ್ಯರನ್ನು ಕೇಳಿ ಪ್ರಮಾಣ ಬದಲಿಸಿಕೊಳ್ಳಬೇಕಾದದ್ದು ಇಂಥ ಔಷಧಕ್ಕೇ.

ನಿಜವಾದ ಅಪಾಯ ಕಾದಿರುವುದು ಇನ್ನೊಂದು ಕಡೆ. ಚೀಟಿಯಲ್ಲಿರುವುದರಲ್ಲಿ ಅರ್ಧವನ್ನಷ್ಟೇ ನುಂಗುತ್ತಿದ್ದ ಅಜ್ಜ ಆಸ್ಪತ್ರೆ ಸೇರುತ್ತಾರೆ, ಇಲ್ಲವೇ ಮಗಳ ಮನೆಗೆ ಬರುತ್ತಾರೆ. ಮಗಳು ಶ್ರದ್ಧೆಯಿಂದ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಕೊಡುತ್ತಾಳೆ, ಶುಗರ್ ದಿಢೀರನೆ ಕುಸಿಯುತ್ತದೆ. ಮೂತ್ರಪಿಂಡ ದುರ್ಬಲವಾಗಿದ್ದರೆ ಔಷಧ ದೇಹದಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ. ಬಿಪಿಗೆ ಬೀಟಾ ಬ್ಲಾಕರ್ ಇದ್ದರಂತೂ ಎದೆಬಡಿತ, ನಡುಕದ ಮುನ್ಸೂಚನೆಯೇ ಮಸುಕಾಗಿಬಿಡಬಹುದು.

ಆದ್ದರಿಂದ ವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಸ್ಟ್ರಿಪ್‌ಗಳನ್ನೆಲ್ಲ, ಉಳಿದದ್ದನ್ನೂ ಸೇರಿಸಿ, ಒಯ್ಯುವುದು ಒಳ್ಳೆಯದು. ಬೇರೆ ಬೇರೆ ಬ್ರಾಂಡ್ ಹೆಸರಿನಲ್ಲಿ ಒಂದೇ ಮೆಟ್‌ಫಾರ್ಮಿನ್ ಎರಡು ಸಲ ಹೊಟ್ಟೆ ಸೇರುತ್ತಿರುವುದು ಪತ್ತೆಯಾಗುವುದು ಅಲ್ಲೇ. ಎರಡು ಔಷಧ ಕೂಡಿದ ಮಾತ್ರೆ, ದಿನಕ್ಕೊಮ್ಮೆ ಸಾಕಾಗುವ ನಿಧಾನವಾಗಿ ಕರಗುವ ಮೆಟ್‌ಫಾರ್ಮಿನ್‌ನಂಥ ದಾರಿಗಳಿವೆ. ಕೆಲವನ್ನು ಪೂರ್ತಿ ನಿಲ್ಲಿಸಲೂ ಆದೀತು: ಹಲವು ಕಾಯಿಲೆಗಳಿರುವ ವೃದ್ಧರಿಗೆ ಎಚ್‌ಬಿಎ1ಸಿ ಶೇ. 8ರೊಳಗಿದ್ದರೆ ಸಾಕು ಎನ್ನುತ್ತದೆ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್.