ನಿಮಗಿದು ಗೊತ್ತೇ? ಗೀಸರ್ ಕೆಟ್ಟರೆ ಖರ್ಚು ಯಾರದು?

ಉತ್ತರ ಪ್ರದೇಶದ ಗ್ರೇಟರ್ ನೋಯ್ಡಾದ ಸೆಕ್ಟರುಗಳಿಗೆ ಆಲ್ಫಾ, ಬೀಟಾ, ಗಾಮಾ ಎಂದು ಗ್ರೀಕ್ ಅಕ್ಷರಗಳ ಹೆಸರು. ಯುರೋಪಿನ ನಂಟು ಅಲ್ಲಿಗೇ ಮುಗಿಯಿತು. ಅಲ್ಲಿನ ಮನೆಗಳಂತೆ ಗೋಡೆಗೆ ಕೂಡಿಸಿದ ಹೀಟಿಂಗ್ ಇಲ್ಲಿಲ್ಲ. ಜನವರಿಯಲ್ಲಿ ಬಿಸಿ ಎಂದರೆ ಬಾತ್‌ರೂಮಿನ ಗೀಸರ್, ಕೋಣೆಯ ರೂಮ್ ಹೀಟರ್. ಎರಡಕ್ಕೂ ಕರೆಂಟೇ ಬೇಕು.

● ಉತ್ತರ ಪ್ರದೇಶದಲ್ಲಿ 1972ರಿಂದ ಇದ್ದ ಬಾಡಿಗೆ ಕಾಯ್ದೆ ಹೋಗಿ 2021ರಲ್ಲಿ ಹೊಸದು ಬಂತು. ರಾಜ್ಯಗಳಿಗೆಂದು ಬರೆದ ಮಾದರಿ ಬಾಡಿಗೆ ಕಾಯ್ದೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು ಅದೇ ವರ್ಷ ಜೂನ್ 2ರಂದು. ಉತ್ತರ ಪ್ರದೇಶ ಅದಕ್ಕೂ ಮೊದಲೇ, ಜನವರಿಯಲ್ಲೇ, ಮಾದರಿಯ ಕರಡನ್ನು ಹಿಡಿದು ಸುಗ್ರೀವಾಜ್ಞೆ ತಂದಿತ್ತು.

● ಮಾದರಿ ಕಾಯ್ದೆಯ ಕೊನೆಯಲ್ಲಿ ರಿಪೇರಿಯ ಪಾಲುಪಟ್ಟಿ ಇದೆ. ಗೋಡೆಗೆ ಸುಣ್ಣ, ನೀರಿನ ಪೈಪು ಬದಲಿಸುವುದು, ಒಳಹೊರಗಿನ ವೈರಿಂಗ್ ಮನೆ ಓನರ್ ಪಾಲಿಗೆ. ನಲ್ಲಿಯ ವಾಷರ್, ಸ್ವಿಚ್ಚು, ಸಾಕೆಟ್ಟು ಬಾಡಿಗೆದಾರರ ಪಾಲಿಗೆ. ಗೀಸರ್? ಹೆಸರು ಹಿಡಿದೇ ಬರೆದಿದ್ದಾರೆ: ಗೀಸರ್ ರಿಪೇರಿ ಬಾಡಿಗೆದಾರರದು! ಓನರ್ ಜೊತೆ ಜಗಳಕ್ಕೆ ಹೊರಡುವ ಮುನ್ನ ಇದು ತಿಳಿದಿರಲಿ. ಆದರೆ ಗೀಸರಿನ ಹೆಸರಿನ ಜೊತೆಗಿರುವುದು ರಿಪೇರಿ ಎಂಬ ಮಾತು ಮಾತ್ರ. ಹತ್ತು ವರ್ಷದ ಗೀಸರಿನ ಟ್ಯಾಂಕೇ ತೂತು ಬಿದ್ದರೆ ಹೊಸದು ಯಾರು ತರಬೇಕು? ಕರಾರು ಬರೆಯುವಾಗಲೇ ಅದಕ್ಕೊಂದು ಸಾಲು ಸೇರಿಸಿಕೊಂಡವರೇ ಜಾಣರು. ಹನ್ನೊಂದು ತಿಂಗಳ ಸಿದ್ಧ ಕರಾರಿನಲ್ಲಿ ಫ್ಯಾನ್ ಎಷ್ಟು, ಟ್ಯೂಬ್‌ಲೈಟ್ ಎಷ್ಟು ಎಂಬ ಲೆಕ್ಕ ಇರುತ್ತದೆ. ಈ ಸಾಲು ಇರುವುದಿಲ್ಲ.

● ಹನ್ನೊಂದೇ ತಿಂಗಳು ಏಕೆ? 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು. ಆ ಖರ್ಚು ಉಳಿಸುವ ಉಪಾಯ ಇದು.

● ಈ ಊರಿನ ಗೀಸರುಗಳು ಬೇಗ ಕೆಡುವುದಕ್ಕೆ ಗಡಸು ನೀರೂ ಒಂದು ಕಾರಣ. ನೀರು ಕಾದಾಗ ಅದರಲ್ಲಿನ ಸುಣ್ಣದ ಅಂಶ ಎಲಿಮೆಂಟಿನ ಮೇಲೆ ಪದರವಾಗಿ ಕೂರುತ್ತದೆ. ಶಾಖ ನೀರಿಗೆ ದಾಟದೆ ಎಲಿಮೆಂಟೇ ಸುಟ್ಟುಹೋಗುತ್ತದೆ. ಕೊಳವೆಬಾವಿಯ ನೀರಿನ ಅವಲಂಬನೆ ತಗ್ಗಿಸಲೆಂದೇ ಇಲ್ಲಿಗೆ ಗಂಗಾ ಕಾಲುವೆಯಿಂದ 85 ಕ್ಯುಸೆಕ್ ನೀರು ತರುವ ಯೋಜನೆ ಮಾಡಿದ್ದು. ಇನ್ನು ಮನೆಯನ್ನು ಇದ್ದ ಸ್ಥಿತಿಯಲ್ಲೇ ಇಟ್ಟುಕೊಳ್ಳಬೇಕು ಎನ್ನುವ ಮಾದರಿ ಕಾಯ್ದೆ, ಸಹಜ ಸವೆತಕ್ಕೆ ವಿನಾಯಿತಿ ಕೊಟ್ಟಿದೆ. ಸುಣ್ಣ ಕಟ್ಟಿ ಸತ್ತ ಎಲಿಮೆಂಟು ಸಹಜ ಸವೆತವಲ್ಲದೆ ಇನ್ನೇನು? ಅಡ್ವಾನ್ಸಿನಲ್ಲಿ ಅದಕ್ಕೆ ಹಣ ಮುರಿದುಕೊಳ್ಳಲು ಬಂದರೆ ಹೀಗೆಂದು ವಾದಿಸಲು ಜಾಗವಿದೆ.

● ಅಡ್ವಾನ್ಸ್ ಎಂದಾಗ ನೆನಪಾಯಿತು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಪಳಗಿದ ಕನ್ನಡಿಗರಿಗೆ ಇದು ಸಿಹಿಸುದ್ದಿ: ಉತ್ತರ ಪ್ರದೇಶದ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ.

● ಓನರ್ ಪಾಲಿನ ರಿಪೇರಿಯನ್ನು, ಉದಾಹರಣೆಗೆ ಗೀಸರಿಗೆ ಹೋಗುವ ಪೈಪು ಅಥವಾ ವೈರಿಂಗನ್ನು, ಅವರು ಮಾಡಿಸಿಕೊಡದಿದ್ದರೆ ನೀವೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಇದೇನೂ ಹೊಸ ಹಕ್ಕಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಬಡ್ಡಿ ಸಮೇತ ಮುರಿದುಕೊಳ್ಳಿ ಎಂದಿತ್ತು. ಮಾದರಿ ಕಾಯ್ದೆ ಮಿತಿ ಹಾಕಿದೆ: ಒಂದು ತಿಂಗಳಲ್ಲಿ ಬಾಡಿಗೆಯ ಅರ್ಧಕ್ಕಿಂತ ಹೆಚ್ಚು ಮುರಿಯುವಂತಿಲ್ಲ. ಪಕ್ಕದ ದೆಹಲಿಯ 1958ರ ಕಾಯ್ದೆಯಲ್ಲಿ ಇಡೀ ವರ್ಷಕ್ಕೆ ಸೇರಿ ಆ ವರ್ಷದ ಬಾಡಿಗೆಯ ಹನ್ನೆರಡರಲ್ಲಿ ಒಂದು ಪಾಲು ಮಾತ್ರ. ಅದೂ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ ಆ ಕಾಯ್ದೆಯೇ ಅನ್ವಯಿಸುವುದಿಲ್ಲ. ಈಗಿನ ದೆಹಲಿಯಲ್ಲಿ ಆ ಬಾಡಿಗೆಗೆ ಮನೆ ಹುಡುಕಿ ನೋಡಿ!

● ಓನರನ್ನು ಕೇಳುವುದೇನಿದ್ದರೂ ಲಿಖಿತವಾಗಿ ಕೇಳಿ. ಫೋನಿನಲ್ಲಿ ಬೈದದ್ದು ದಾಖಲೆಯಾಗುವುದಿಲ್ಲ.

● ಮುರಿದುಕೊಳ್ಳುವುದು ಬೇರೆ, ಬಾಡಿಗೆಯನ್ನೇ ನಿಲ್ಲಿಸುವುದು ಬೇರೆ. ಸತತ ಎರಡು ತಿಂಗಳ ಬಾಡಿಗೆ ಬಾಕಿ ಇಟ್ಟು, ನೋಟಿಸ್ ಬಂದ ಮೇಲೂ ಕಟ್ಟದಿದ್ದರೆ ಮಾದರಿ ಕಾಯ್ದೆಯಲ್ಲಿ ಅದೇ ಮನೆ ಬಿಡಿಸಲು ಕಾರಣ. ವಾಸಿಸಲಾಗದಷ್ಟು ಮನೆ ಹಾಳಾಗಿ, ಲಿಖಿತವಾಗಿ ಕೇಳಿದರೂ ಓನರ್ ಕದಲದಿದ್ದರೆ 15 ದಿನದ ನೋಟಿಸ್ ಕೊಟ್ಟು ಹೊರಡಬಹುದು.

● ನೀರು, ಕರೆಂಟು, ಪೈಪಿನ ಅಡುಗೆ ಅನಿಲ, ಲಿಫ್ಟಿನ ದೀಪ, ಪಾರ್ಕಿಂಗ್ ಎಲ್ಲವೂ ಮಾದರಿ ಕಾಯ್ದೆಯ ಅಗತ್ಯ ಸೇವೆಗಳ ಪಟ್ಟಿಯಲ್ಲಿವೆ. ಬಿಸಿನೀರು ಇಲ್ಲ. ಪಟ್ಟಿ ಬರೆದವರು ಡಿಸೆಂಬರಿನಲ್ಲಿ ಬರೆದಿರಲಾರರು. ಆದರೂ ಒಂದು ದಾರಿ ಇದೆ: ಜಗಳಕ್ಕೆ ಓನರ್ ಕರೆಂಟು ತೆಗೆಸಿದರೆ ಗೀಸರೂ ಸತ್ತಂತೆ, ಆಗ ಬಾಡಿಗೆ ಪ್ರಾಧಿಕಾರಕ್ಕೆ ದೂರು ಕೊಡಬಹುದು. ವಿಚಾರಣೆ ಮುಗಿಯುವ ಮೊದಲೇ ಕರೆಂಟು ಹಾಕಿಸಲು ಮಧ್ಯಂತರ ಆದೇಶ ಸಿಗಬಹುದು. ತಪ್ಪು ಸಾಬೀತಾದರೆ ಎರಡು ತಿಂಗಳ ಬಾಡಿಗೆಯವರೆಗೂ ಪರಿಹಾರ.

● ಓನರ್ ಎನ್‌ಒಸಿ ಕೊಡಲಿಲ್ಲ ಎಂಬ ಕಾರಣಕ್ಕೆ ಬಾಡಿಗೆದಾರರಿಗೆ ಕರೆಂಟು ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇನಲ್ಲಿ, ದಿಲೀಪ್ ಮತ್ತು ಸತೀಶ್ ನಡುವಿನ ಪ್ರಕರಣದಲ್ಲಿ, ಸ್ಪಷ್ಟವಾಗಿ ಹೇಳಿದೆ.

● ನಾಲೆಡ್ಜ್ ಪಾರ್ಕಿನ ಕಾಲೇಜುಗಳಿಗೆ ಬಂದು ಪಿಜಿಯಲ್ಲಿರುವ ಮಕ್ಕಳ ಕಥೆ ಬೇರೆ. ಮಾದರಿ ಕಾಯ್ದೆ ಹೋಟೆಲು, ವಸತಿಗೃಹ, ಧರ್ಮಶಾಲೆಗಳನ್ನು ಹೊರಗಿಟ್ಟಿದೆ. ಪಿಜಿಯನ್ನು ವಸತಿಗೃಹ ಎಂದರೆ ಅವರ ಕೈಯಲ್ಲಿ ಬಾಡಿಗೆ ಕಾನೂನು ಉಳಿಯುವುದಿಲ್ಲ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಉಳಿಯುತ್ತದೆ. ಊಟ ವಸತಿ ಒದಗಿಸುವುದು ಅದರಲ್ಲಿ ಸೇವೆಯೇ. ಬಿಸಿನೀರು ಕೊಡುತ್ತೇವೆಂದು ಹೇಳಿ ಹಣ ಪಡೆದು ತಣ್ಣೀರು ಬಿಟ್ಟರೆ ಅದು ಸೇವಾ ಲೋಪ. ಸಹಾಯವಾಣಿ 1915. ಐದು ಲಕ್ಷದವರೆಗಿನ ದೂರಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. ರಸೀದಿ, ವಾಟ್ಸಾಪ್ ಮಾತು ಅಳಿಸಬೇಡಿ.

● ಜರ್ಮನಿಯಲ್ಲಿ ಚಳಿಗಾಲಕ್ಕೆ ಹೀಟಿಂಗ್ ಕೆಟ್ಟರೆ ಅದು ಸರಿಹೋಗುವವರೆಗೆ ಬಾಡಿಗೆ ಕಾನೂನಿನಿಂದಲೇ ಇಳಿಯುತ್ತದೆ. ನ್ಯೂಯಾರ್ಕ್ ನಗರದಲ್ಲಿ ಅಕ್ಟೋಬರ್ 1ರಿಂದ ಮೇ 31ರವರೆಗೆ ಮನೆ ಎಷ್ಟು ಬೆಚ್ಚಗಿರಬೇಕು ಎಂಬುದಕ್ಕೆ ಡಿಗ್ರಿ ಲೆಕ್ಕದ ನಿಯಮವಿದೆ. ಬಿಸಿನೀರು ವರ್ಷವಿಡೀ ಕಡ್ಡಾಯ.

● ಗೀಸರ್ ರಗಳೆಯೇ ಬೇಡವೆಂದು ಗ್ಯಾಸ್ ಗೀಸರ್ ಹಾಕಿಸುವವರಿದ್ದಾರೆ. ಗಾಳಿಯಾಡದ ಬಾತ್‌ರೂಮಿನಲ್ಲಿ ಅದು ಕಾರ್ಬನ್ ಮೊನಾಕ್ಸೈಡ್ ತುಂಬಿ ಜೀವ ತೆಗೆಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗೆ ಕಿಟಕಿ ಮುಚ್ಚುವ ಊರಿನಲ್ಲಿ ಇದು ಬೇಡವೇ ಬೇಡ.

● ರಿಪೇರಿಗೆಂದು ಓನರ್ ಮನೆಯೊಳಗೆ ಬರಬೇಕಾದರೂ ಮಾದರಿ ಕಾಯ್ದೆಯಲ್ಲಿ 24 ಗಂಟೆ ಮೊದಲು ಲಿಖಿತ ಸೂಚನೆ ಕೊಡಬೇಕು; ಸೂರ್ಯ ಹುಟ್ಟುವ ಮುಂಚೆ, ಮುಳುಗಿದ ಮೇಲೆ ಬರುವಂತಿಲ್ಲ. ಇಲ್ಲಿನ ಜನವರಿಯ ಮಂಜಿನಲ್ಲಿ ಸೂರ್ಯ ಹುಟ್ಟಿದ್ದು ಯಾರಿಗೂ ಕಾಣುವುದಿಲ್ಲ, ಆ ಮಾತು ಬೇರೆ. ತಣ್ಣೀರಲ್ಲಿ ನಡುಗುತ್ತಿರುವವರು ಈ ನಿಯಮ ಹಿಡಿದು ಕೂರದೆ ಮಿಸ್ತ್ರಿಯನ್ನು ರಾತ್ರಿ ಒಂಬತ್ತಕ್ಕಾದರೂ ಒಳಗೆ ಬಿಟ್ಟುಕೊಳ್ಳಬಹುದು.